ಡಾಕ್ಟರಿಗೇ ಚಟ ಹತ್ತಿದರೆ? ಅಮೆರಿಕದ ರಾಜ್ಯಗಳು ಹಿಡಿದ ದಾರಿ

ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಒಂದು ನಂಬರಿಗೆ ಫೋನ್ ಮಾಡಬೇಕು. ಇಲ್ಲವೇ ಆ್ಯಪ್ ತೆರೆದು ನೋಡಬೇಕು. ಇವತ್ತು ನಿಮ್ಮ ಸರದಿ ಇಲ್ಲ ಅಂದರೆ ಸೀದಾ ಆಸ್ಪತ್ರೆಗೆ ಹೋಗಬಹುದು. ಇದೆ ಅಂದರೆ ಲ್ಯಾಬಿಗೆ ಓಡಬೇಕು. ಅಲ್ಲಿ ಒಬ್ಬರು ನೋಡುತ್ತಾ ನಿಂತಿರುವಾಗಲೇ ಮೂತ್ರ ಹಿಡಿದು ಕೊಡಬೇಕು. ಹೀಗೆ ಸಾಮಾನ್ಯವಾಗಿ 5 ವರ್ಷ. ಇದು ಜೈಲಿಂದ ಹೊರಬಂದವರ ಕತೆ ಅಲ್ಲ. ಕುಡಿತಕ್ಕೋ ಡ್ರಗ್ಸ್‌ಗೋ ಬಿದ್ದು, ಮತ್ತೆ ಕೆಲಸಕ್ಕೆ ಮರಳಿದ ಅಮೆರಿಕದ ಡಾಕ್ಟರುಗಳ ದಿನಚರಿ.

ಈ ವ್ಯವಸ್ಥೆಗೆ ಅಲ್ಲಿ ಫಿಸಿಷಿಯನ್ ಹೆಲ್ತ್ ಪ್ರೋಗ್ರಾಮ್, ಚಿಕ್ಕದಾಗಿ ಪಿಎಚ್‌ಪಿ ಅನ್ನುತ್ತಾರೆ. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಇದೆ. ಪಿಎಚ್‌ಪಿ ತಾನೇ ಚಿಕಿತ್ಸೆ ಕೊಡುವುದಿಲ್ಲ. ಡಾಕ್ಟರನ್ನು ಪರೀಕ್ಷೆಗೆ, ಚಿಕಿತ್ಸೆಗೆ ಕಳಿಸುತ್ತದೆ. ಆಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿರುತ್ತದೆ. ಹೇಳಿದ ಹಾಗೆ ನಡೆದುಕೊಂಡರೆ ಸಾಮಾನ್ಯವಾಗಿ ಹೆಸರು ಹೊರಗೆ ಬರುವುದಿಲ್ಲ. ತಪ್ಪಿದರೆ ಫೈಲು ಲೈಸೆನ್ಸ್ ಕೊಡುವ ಮೆಡಿಕಲ್ ಬೋರ್ಡಿಗೆ ಹೋಗುತ್ತದೆ. ಕೈಹಿಡಿದು ಎತ್ತುವುದೂ ಕೋಲು ಹಿಡಿಯುವುದೂ ಒಂದೇ ಕೈ. ಇದರ ಸುತ್ತ ನಡೆದ ಅಷ್ಟೂ ಜಗಳಕ್ಕೆ ಬೇರು ಇಲ್ಲೇ ಇದೆ.

ಮೊದಲೆಲ್ಲ ಇದ್ದದ್ದು ಎರಡೇ ದಾರಿ. ಗೆಳೆಯರು ಮುಚ್ಚಿಡುತ್ತಿದ್ದರು, ಇಲ್ಲವೇ ಲೈಸೆನ್ಸ್ ಹೋಗುತ್ತಿತ್ತು. ಮುಚ್ಚಿಟ್ಟದ್ದಕ್ಕೆ ದೊಡ್ಡ ಉದಾಹರಣೆ ವಿಲಿಯಂ ಹಾಲ್‌ಸ್ಟೆಡ್. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಸರಾಂತ ಸರ್ಜನ್. ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ತಂದವರಲ್ಲಿ ಮುಖ್ಯರು. 1884ರ ಸುಮಾರಿಗೆ ಕೊಕೇನಿನಿಂದ ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಬಹುದು ಎಂದು ಗೊತ್ತಾದಾಗ, ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡರು. ಚಟ ಹತ್ತಿತು. ಮುಂದೆ ಮಾರ್ಫಿನ್ ಅಂಟಿಕೊಂಡಿತು. ಸಹೋದ್ಯೋಗಿ ವಿಲಿಯಂ ಓಸ್ಲರ್‌ಗೆ ಗೊತ್ತಿತ್ತು, ಬರೆದೂ ಇಟ್ಟಿದ್ದರು. ಆದರೆ ಆ ಬರಹ ಹೊರಬಂದದ್ದು 1969ರಲ್ಲಿ, ಹಾಲ್‌ಸ್ಟೆಡ್ ತೀರಿಕೊಂಡು 47 ವರ್ಷ ಆದ ಮೇಲೆ. ಹೆಸರು ಉಳಿಯಿತು ನಿಜ. ಚಿಕಿತ್ಸೆ ಎಷ್ಟರಮಟ್ಟಿಗೆ ಸಿಕ್ಕಿತು, ಹೇಳಿ?

ಡಾಕ್ಟರುಗಳ ಚಟದಲ್ಲಿ ಒಂದು ವಿಶೇಷ ಇದೆ. ಮಾಲು ಕೈಗೆಟಕುವ ದೂರದಲ್ಲೇ ಇರುತ್ತದೆ. ಅರಿವಳಿಕೆ ಡಾಕ್ಟರನ್ನೇ ನೋಡಿ. ಫೆಂಟನಿಲ್ ಎಂಬ ಬಲವಾದ ನೋವಿನ ಮದ್ದಿನ ಆಂಪೂಲ್ (ಪುಟ್ಟ ಗಾಜಿನ ಬಾಟಲಿ) ಒಡೆದು, ಸಿರಿಂಜಿಗೆ ಎಳೆದು, ರೋಗಿಗೆ ಬೇಕಾದಷ್ಟು ಕೊಟ್ಟ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ಉಳಿಯುತ್ತದೆ. ಅದನ್ನು ಇನ್ನೊಬ್ಬರ ಎದುರಿಗೆ ಚೆಲ್ಲಿ, ರಿಜಿಸ್ಟರಿನಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಗಡಿಬಿಡಿಯಲ್ಲಿ ಆ ಇನ್ನೊಬ್ಬರು ನೋಡದೆ ಸಹಿ ಹಾಕಿದರೆ? ಆ ಉಳಿದ ಹನಿಗಳೇ ಸಾಕು.

1958ರಲ್ಲೇ ರಾಜ್ಯ ಮೆಡಿಕಲ್ ಬೋರ್ಡುಗಳ ಒಕ್ಕೂಟ ಇದಕ್ಕೊಂದು ಪುನರ್ವಸತಿ ವ್ಯವಸ್ಥೆ ಬೇಕು ಎಂದಿತ್ತು. ಕೆಲಸ ಮಾತ್ರ ನಿಧಾನ. 1969ರಲ್ಲಿ ಫ್ಲೋರಿಡಾ ಕಾನೂನು ಮಾಡಿತು. ನಿಜವಾದ ತಿರುವು ಬಂದದ್ದು 1973ರಲ್ಲಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಕಾಯಿಲೆ ಎಂದು ನೋಡಿ ವರದಿ ಕೊಟ್ಟಿತು. ಕಣ್ಣೆದುರು ಸಹೋದ್ಯೋಗಿ ಹಾಳಾಗುತ್ತಿದ್ದರೆ ಸುಮ್ನೆ ಇರುವ ಹಾಗಿಲ್ಲ ಎಂದೂ ಹೇಳಿತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಬಗ್ಗೆ ದೇಶಮಟ್ಟದ ಸಮ್ಮೇಳನ ಆಯಿತು. ಅದೇ ಹೊತ್ತಿಗೆ ಜಾರ್ಜಿಯಾದಲ್ಲಿ ಡಗ್ಲಾಸ್ ಟಾಲ್ಬಟ್ ಎಂಬ ಡಾಕ್ಟರು ಡಾಕ್ಟರುಗಳಿಗಾಗಿಯೇ ಚಿಕಿತ್ಸೆ ಶುರು ಮಾಡಿದರು. ಅವರೂ ಕುಡಿತದಿಂದ ಎದ್ದು ಬಂದವರೇ. ಒಂದೊಂದಾಗಿ ಉಳಿದ ರಾಜ್ಯಗಳು ಸೇರಿಕೊಂಡವು. 1990ರಲ್ಲಿ ಪಿಎಚ್‌ಪಿಗಳದ್ದೇ ಒಕ್ಕೂಟ ಹುಟ್ಟಿತು.

2008 ಬಹಳ ಮಜವಾದ ವರ್ಷ. ಆ ನವೆಂಬರಿನಲ್ಲಿ 16 ರಾಜ್ಯಗಳ 904 ಡಾಕ್ಟರುಗಳ ಮೇಲಿನ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಚಿಕಿತ್ಸೆ ಮುಗಿಸಿ, ನಿಗಾದಲ್ಲಿ ಕೆಲಸಕ್ಕೆ ಮರಳಿದವರಲ್ಲಿ ಸುಮಾರು ನೂರಕ್ಕೆ 80 ಜನ 5 ವರ್ಷದಲ್ಲಿ ಒಂದು ಸಲವೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ಚಟದ ಚಿಕಿತ್ಸೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದೇ ವರ್ಷದ ಜೂನ್ 30ಕ್ಕೆ ಕ್ಯಾಲಿಫೋರ್ನಿಯಾ ತನ್ನ 28 ವರ್ಷದ ಕಾರ್ಯಕ್ರಮಕ್ಕೆ ಬೀಗ ಹಾಕಿತ್ತು! ಪರೀಕ್ಷೆ ಯಾವ ದಿನ ಎಂದು ಮೊದಲೇ ಊಹಿಸಬಹುದು, ನಿಗಾ ಸಡಿಲ ಎಂದು ಒಂದರ ಹಿಂದೊಂದು ತಪಾಸಣಾ ವರದಿ ಹೇಳಿದ್ದವು. ನಮ್ಮನ್ನು ಕೊಯ್ಯುವ ಡಾಕ್ಟರ ಗುಟ್ಟು ನಮಗೇ ಗೊತ್ತಿಲ್ಲದಿದ್ದರೆ ಹೇಗೆ ಎಂಬುದು ರೋಗಿಗಳ ಪರ ಇದ್ದವರ ಪ್ರಶ್ನೆ. ನ್ಯಾಯವಾದದ್ದೇ ಅಲ್ವಾ? ಹೊಸದಾಗಿ ಶುರು ಮಾಡಲು ಅಲ್ಲಿ 2016ರಲ್ಲಿ ಮತ್ತೆ ಕಾನೂನು ಬಂತು.

ಡಾಕ್ಟರುಗಳ ದೂರು ಇದರ ಉಲ್ಟಾ. ಅವರ ಪ್ರಕಾರ ನಿಗಾ ಜಾಸ್ತಿಯಾಯಿತು, ಕೇಳುವವರಿಲ್ಲ. ಇಟಿಜಿ ಎಂಬ ಮೂತ್ರ ಪರೀಕ್ಷೆ ಎರಡು ಮೂರು ದಿನದ ಹಿಂದಿನ ಕುಡಿತವನ್ನೂ ಹಿಡಿಯುತ್ತದೆ. ತೊಂದರೆ ಏನೆಂದರೆ, ಸ್ಯಾನಿಟೈಸರಿನ ಆಲ್ಕೋಹಾಲ್‌ಗೂ ಅದು ಪಾಸಿಟಿವ್ ಬರಬಹುದು. ದಿನಕ್ಕೆ ಹತ್ತಾರು ಸಲ ಕೈಗೆ ಸ್ಯಾನಿಟೈಸರ್ ಹಚ್ಚುವವರು ಯಾರು? ಡಾಕ್ಟರು, ನರ್ಸು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ ಎಂದು 2006ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೇ ಎಚ್ಚರಿಸಿತು. 2014ರಲ್ಲಿ ನಾರ್ತ್ ಕ್ಯಾರೊಲಿನಾದ ಲೆಕ್ಕಪರಿಶೋಧಕರು, ದುರುಪಯೋಗದ ಗುರುತು ಸಿಗದಿದ್ದರೂ, ತಪ್ಪು ತೀರ್ಪಿನಿಂದ ಡಾಕ್ಟರನ್ನು ಕಾಯುವ ವ್ಯವಸ್ಥೆ ಸಾಲದು ಎಂದರು. ಚಿಕಿತ್ಸೆ, ಪರೀಕ್ಷೆಯ ಖರ್ಚೂ ಬಹುತೇಕ ಡಾಕ್ಟರ ಜೇಬಿನದ್ದೇ.

ವೀಸಾ ಮೇಲೆ ಹೋಗಿರುವ ನಮ್ಮ ಕಡೆಯ ಡಾಕ್ಟರುಗಳಿಗೆ ಇನ್ನೂ ಒಂದು ಭಯ. ಲೈಸೆನ್ಸ್ ಅಮಾನತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾಕ್ಕೂ ಕುತ್ತು. ಇಂಥವರು ತಾವಾಗಿ ಫೋನ್ ಎತ್ತಿ ನನಗೆ ಸಹಾಯ ಬೇಕು ಅನ್ನುವುದು ಎಷ್ಟು ಕಷ್ಟ, ಯೋಚಿಸಿ.

ಆ ಭಯ ಬರೀ ಚಟದ್ದಲ್ಲ. ಮನಸ್ಸಿನ ಕಾಯಿಲೆಗೆ ಎಂದಾದರೂ ಚಿಕಿತ್ಸೆ ತಗೊಂಡಿದ್ದೀರಾ ಎಂದು ಲೈಸೆನ್ಸ್ ಅರ್ಜಿಯಲ್ಲಿ ಎಷ್ಟೋ ರಾಜ್ಯಗಳು ಕೇಳುತ್ತಿದ್ದವು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಉಲ್ಬಣಿಸಿದ್ದಾಗ, ನ್ಯೂಯಾರ್ಕಿನ ತುರ್ತು ವಿಭಾಗದ ಡಾಕ್ಟರು ಲೋರ್ನಾ ಬ್ರೀನ್ ಜೀವ ಕಳೆದುಕೊಂಡರು. ಚಿಕಿತ್ಸೆ ಪಡೆದರೆ ವೃತ್ತಿಯೇ ಹೋಗುತ್ತದೆ ಎಂಬ ಹೆದರಿಕೆ ಅವರಿಗಿತ್ತು ಎಂದು ಮನೆಯವರು ಹೇಳಿದರು. ಅವರ ಹೆಸರಿನ ಕಾನೂನಿಗೆ 2022ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಅದರಿಂದ ಹಣ ಬಂತು. ಅರ್ಜಿಯ ಆ ಪ್ರಶ್ನೆಯನ್ನು ಬದಲಿಸುವಂತೆ ಬೋರ್ಡುಗಳ ಒಕ್ಕೂಟ 2018ರಲ್ಲೇ ಸಲಹೆ ಕೊಟ್ಟಿತ್ತು. ಈಗ ಹಲವು ರಾಜ್ಯಗಳ ಅರ್ಜಿಯಲ್ಲಿ ಹಳೆಯ ಕಾಯಿಲೆಯ ಮಾತಿಲ್ಲ. ಕೇಳುವುದು ಇಷ್ಟೇ: ಕೆಲಸಕ್ಕೆ ಅಡ್ಡಿಯಾಗುವಂಥದ್ದು ಈಗ ಏನಾದರೂ ಇದೆಯಾ?