ಹುಂಜಕ್ಕೆ ವಿಟಮಿನ್ ಕೊಡಬೇಕಾದ್ದು ಬಿಸಿಲಿಗೆ ಮುಂಚೆ

ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಮರಿಯಾಗದ ಮೊಟ್ಟೆಗಳು ಹೆಚ್ಚುತ್ತವೆ. ಮೊದಲು ಅನುಮಾನ ಬರುವುದು ಕಾವು ಯಂತ್ರದ ಮೇಲೆ, ಆಮೇಲೆ ಹೇಂಟೆಯ ಮೇಲೆ. ಹುಂಜದ ನೆನಪಾಗುವುದು ಕೊನೆಗೆ.

ಏಳನೇ ದಿನ ಬೆಳಕಿಗೆ ಹಿಡಿದಾಗ ಖಾಲಿ ಕಂಡ ಮೊಟ್ಟೆಗಳನ್ನು ಒಡೆದು ನೋಡಬೇಕು. ಹಳದಿಯ ಮೇಲೆ ಅಂಚು ಹರಿದಂತಿರುವ ಪುಟ್ಟ ಗಟ್ಟಿ ಬಿಳಿ ಚುಕ್ಕೆ ಮಾತ್ರ ಇದ್ದರೆ ಅದು ಫಲವಾಗದ ಮೊಟ್ಟೆ. ರಕ್ತದ ಉಂಗುರವೋ ಹರಡಿದ ಕೆನೆಬಣ್ಣದ ಪೊರೆಯೋ ಇದ್ದರೆ ಫಲವಾಗಿ ಸತ್ತಿದೆ ಎಂದರ್ಥ. ಆಗ ಹುಂಜವನ್ನು ಬಿಟ್ಟು, ಮೊಟ್ಟೆ ಇಟ್ಟಿದ್ದ ಕೋಣೆಯ ಬಿಸಿಯನ್ನೂ ಯಂತ್ರವನ್ನೂ ಪರೀಕ್ಷಿಸಬೇಕು.

ಹುಂಜದ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಪಕ್ಕದಲ್ಲೇ ಇರುತ್ತವೆ. ಸುಮಾರು 41 ಡಿಗ್ರಿ ಮೈಬಿಸಿಯಲ್ಲೇ ಅವು ವೀರ್ಯಾಣು ತಯಾರಿಸುತ್ತವೆ, ಅದು ಅವಕ್ಕೆ ಸಹಜ. ಆದರೆ ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ತೇಕುವುದೇ ದಾರಿ. ಅದೂ ಸಾಲದೆ ಮೈಬಿಸಿ ಒಂದೆರಡು ಡಿಗ್ರಿ ಏರಿದರೆ ಜೀವಕೋಶಗಳಲ್ಲಿ ಆಕ್ಸಿಜನ್‌ನ ಹಾನಿಕರ ರೂಪಗಳು ಹೆಚ್ಚುತ್ತವೆ. ಕೋಳಿ ವೀರ್ಯಾಣುವಿನ ಪೊರೆಯಲ್ಲಿ ಬೇಗ ಕಮಟುವ ಜಾತಿಯ ಕೊಬ್ಬೇ ಹೆಚ್ಚಿರುವುದರಿಂದ ಮೊದಲ ಪೆಟ್ಟು ಅದಕ್ಕೆ. ಗಟ್ಟಿಯಾಗಿ ಮುತ್ತಿನ ಬಿಳುಪಿನಲ್ಲಿರಬೇಕಾದ ವೀರ್ಯ ತೆಳ್ಳಗೆ ನೀರಾಗುತ್ತದೆ. ವಿಟಮಿನ್ ಇ ಆ ಪೊರೆಯಲ್ಲೇ ಕುಳಿತು ಕಮಟುವಿಕೆಯ ಸರಪಳಿ ಕಡಿಯುತ್ತದೆ. ಸೆಲೆನಿಯಂ ಎಂಬ ಖನಿಜ ರಕ್ಷಕ ಕಿಣ್ವವೊಂದರ ಭಾಗ. ವಿಟಮಿನ್ ಸಿ ದಣಿದ ವಿಟಮಿನ್ ಇ ಯನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ವಿಟಮಿನ್ ಸಿ ಯನ್ನು ಕೋಳಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ಬಿಸಿಲಲ್ಲಿ ಅದು ಸಾಲುವುದಿಲ್ಲ.

ಒಂದು ವೀರ್ಯಾಣು ಸಿದ್ಧವಾಗಲು ಸುಮಾರು ಎರಡು ವಾರ ಬೇಕು. ಹೇಂಟೆಯೂ ಅಂಡನಾಳದಲ್ಲಿ ಎರಡು ಮೂರು ವಾರ ವೀರ್ಯಾಣು ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಇವತ್ತಿನ ಖಾಲಿ ಮೊಟ್ಟೆ ಹೇಳುವುದು ಕೆಲವು ವಾರಗಳ ಹಿಂದಿನ ಹುಂಜದ ಸ್ಥಿತಿಯನ್ನು. ಮೊಟ್ಟೆ ಖಾಲಿ ಕಂಡ ಮೇಲೆ ವಿಟಮಿನ್ ತಂದು ಸುರಿದು, ವಾರದಲ್ಲೇ ಫಲ ಕಾಣಲಿಲ್ಲವೆಂದು ನಿಲ್ಲಿಸುವವರು ಬಹಳ. ಚಳಿ ಶಿವಶಿವ ಎನ್ನುತ್ತ ಹೋಗುವ ಶಿವರಾತ್ರಿಯ ಹೊತ್ತಿಗೇ ಶುರುಮಾಡಿ ಮಳೆ ಹಿಡಿಯುವವರೆಗೆ ಕೊಡಬೇಕು.

ಒಂದು ಟನ್ ಫೀಡಿಗೆ 200 ಗ್ರಾಂ ವಿಟಮಿನ್ ಇ ಬೇಕು, 50 ಪ್ರತಿಶತದ ಪುಡಿಯಾದರೆ 400 ಗ್ರಾಂ. ಶಾಖಕ್ಕೆ ಕೆಡದಂತೆ ಲೇಪನವಿರುವ ವಿಟಮಿನ್ ಸಿ 250 ಗ್ರಾಂ. ಸೆಲೆನಿಯಂ ಒಟ್ಟು 0.3 ಗ್ರಾಂ ಮಾತ್ರ. ಕಿಲೋಗೆ 2 ಗ್ರಾಂ ಸೆಲೆನಿಯಂ ಇರುವ ಯೀಸ್ಟ್ ಆದರೆ 150 ಗ್ರಾಂ ಸಾಕು. ಪ್ರೀಮಿಕ್ಸ್‌ನಲ್ಲಿ, ಅಂದರೆ ಫೀಡಿಗೆ ಬೆರೆಸುವ ವಿಟಮಿನ್-ಖನಿಜಗಳ ಸಿದ್ಧ ಮಿಶ್ರಣದಲ್ಲಿ, ಈಗಾಗಲೇ ಏನೆಷ್ಟಿದೆಯೆಂದು ಲೇಬಲ್ ಓದಿ ಅಷ್ಟನ್ನು ಕಳೆಯಿರಿ. ಸೆಲೆನಿಯಂ ವಿಷಯದಲ್ಲಂತೂ ಕೈಲೆಕ್ಕ ಬೇಡವೇ ಬೇಡ. ಅದು ಹೆಚ್ಚಾದರೆ ವಿಷ. ಇವನ್ನು ಮೊದಲು ಐದು ಕಿಲೋ ಜೋಳದ ಹಿಟ್ಟಿನಲ್ಲಿ, ಆಮೇಲೆ ಐವತ್ತು ಕಿಲೋ ಫೀಡಿನಲ್ಲಿ ಕಲಸಿ, ಕೊನೆಗೆ ಮಿಕ್ಸರಿಗೆ ಹಾಕಬೇಕು. ನೇರ ಸುರಿದರೆ ಒಂದು ಹುಂಜಕ್ಕೆ ಎಲ್ಲವೂ ಸಿಕ್ಕಿ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ.

ಕೊಟ್ಟದ್ದು ವ್ಯರ್ಥವಾಗುವುದು ಬಹುಪಾಲು ಉಗ್ರಾಣದಲ್ಲಿ. ಕಮಟು ತೌಡು, ಹಳೆ ಎಣ್ಣೆ ಸೇರಿದ ಫೀಡಿನಲ್ಲಿ ವಿಟಮಿನ್ ಇ ಹುಂಜದ ಹೊಟ್ಟೆ ಸೇರುವ ಮೊದಲೇ ಖರ್ಚಾಗುತ್ತದೆ. ತಗಡಿನ ಛಾವಣಿಯಡಿ ತಿಂಗಳುಗಟ್ಟಲೆ ಇಟ್ಟ ಪ್ರೀಮಿಕ್ಸ್‌ನ ಗತಿಯೂ ಅಷ್ಟೇ. ನೀರಿನಲ್ಲಿ ವಿಟಮಿನ್ ಸಿ ಕೊಡುವುದಾದರೆ ಕ್ಲೋರಿನ್ ಇಲ್ಲದ ತಣ್ಣೀರಲ್ಲಿ ಕರಗಿಸಿ, ಎರಡು ಮೂರು ಗಂಟೆಯೊಳಗೆ ಮುಗಿಯುವಷ್ಟೇ ಇಡಿ. ಅದೇ ಟ್ಯಾಂಕಿಗೆ ಅಡುಗೆ ಸೋಡಾ ಬೆರೆಸಬೇಡಿ, ಕ್ಷಾರದಲ್ಲಿ ವಿಟಮಿನ್ ಸಿ ಬೇಗ ಹಾಳಾಗುತ್ತದೆ.

ಹುಂಜಕ್ಕೆ ಹೇಂಟೆಯ ಫೀಡನ್ನೇ ಹಾಕುವುದೂ ತಪ್ಪು. ಚಿಪ್ಪಿಗೆಂದು ಅದರಲ್ಲಿ ಮೂರು ಪ್ರತಿಶತಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಹುಂಜಕ್ಕೆ ಒಂದು ಪ್ರತಿಶತದಷ್ಟೇ ಸಾಕು, ಉಳಿದದ್ದು ಮೂತ್ರಪಿಂಡಕ್ಕೆ ಹೊರೆ. ವಿಟಮಿನ್ ಬೆರೆಸಿದ ಫೀಡನ್ನು ನಸುಕಿನ ಐದಕ್ಕೇ ಹಾಕಿದರೆ ತಂಪು ಹೊತ್ತಿನಲ್ಲಿ ಹೊಟ್ಟೆ ತುಂಬ ತಿನ್ನುತ್ತವೆ. ಮಧ್ಯಾಹ್ನ ಹಾಕಿದ್ದು ತೊಟ್ಟಿಯಲ್ಲೇ ಉಳಿಯುತ್ತದೆ.