ಯಾಕೆ ಇವರಿಗೇ ಮತ ಹಾಕಿದಿರಿ?

2004ರ ನವೆಂಬರ್ 2ರಂದು ಅಮೆರಿಕದಲ್ಲಿ ಜಾರ್ಜ್ ಬುಷ್ ಎರಡನೇ ಸಲ ಅಧ್ಯಕ್ಷರಾಗಿ ಆಯ್ಕೆಯಾದರು. ಅಂದು ಮತ ಹಾಕಿ ಹೊರಬಂದವರ ಕೈಗೆ ಎಕ್ಸಿಟ್ ಪೋಲ್‌ನವರು ಪ್ರಶ್ನೆಪತ್ರಿಕೆ ಕೊಟ್ಟು, ನಿಮ್ಮ ಆಯ್ಕೆಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಯಾವುದು ಎಂದು ಕೇಳಿದ್ದರು. ಗುರುತು ಹಾಕಲು ಏಳು ಉತ್ತರಗಳಿದ್ದವು. ನೈತಿಕ ಮೌಲ್ಯಗಳು ಎಂದವರು ಶೇ 22, ಆರ್ಥಿಕತೆ ಮತ್ತು ಉದ್ಯೋಗ ಎಂದವರು ಶೇ 20, ಭಯೋತ್ಪಾದನೆ ಶೇ 19, ಇರಾಕ್ ಶೇ 15. ಆರೋಗ್ಯ, ತೆರಿಗೆ, ಶಿಕ್ಷಣ ಕೆಳಗಿನ ಸ್ಥಾನಗಳಲ್ಲಿದ್ದವು. ಮೌಲ್ಯಗಳಿಗೆ ಗುರುತು ಹಾಕಿದವರಲ್ಲಿ ನೂರಕ್ಕೆ 80 ಮಂದಿ ಬುಷ್‌ಗೆ ಮತ ಹಾಕಿದ್ದರು. ಅದೇ ದಿನ 11 ರಾಜ್ಯಗಳಲ್ಲಿ ಸಲಿಂಗ ವಿವಾಹ ನಿಷೇಧದ ಪ್ರಸ್ತಾವವೂ ಗೆದ್ದಿತ್ತು. ಧರ್ಮನಿಷ್ಠರ ಮೌಲ್ಯಪ್ರಜ್ಞೆಯೇ ಬುಷ್‌ರನ್ನು ಗೆಲ್ಲಿಸಿತು ಎಂಬ ವ್ಯಾಖ್ಯಾನ ಪತ್ರಿಕೆ, ಟಿವಿಗಳನ್ನೆಲ್ಲ ತುಂಬಿತು.

ಆದರೆ ಪಟ್ಟಿಯನ್ನೇ ಸ್ವಲ್ಪ ನಿಧಾನವಾಗಿ ನೋಡಿ. ಯುದ್ಧ ಮತ್ತು ಭದ್ರತೆಯ ಚಿಂತೆಯನ್ನು ಇರಾಕ್, ಭಯೋತ್ಪಾದನೆ ಎಂದು ಎರಡಾಗಿ ಒಡೆದಿದ್ದಾರೆ. ಕೂಡಿಸಿದರೆ ಶೇ 34, ಮೌಲ್ಯಗಳಿಗಿಂತ ಎಷ್ಟೋ ಹೆಚ್ಚು. ಇನ್ನೊಂದು ತೊಡಕೆಂದರೆ, ಇರಾಕ್ ಎಂಬುದು ಎಲ್ಲರಿಗೂ ಒಂದೇ ಇರಾಕ್. ‘ನೈತಿಕ ಮೌಲ್ಯ’ ಹಾಗಲ್ಲ. ಒಬ್ಬರಿಗೆ ಅದು ಗರ್ಭಪಾತದ ಪ್ರಶ್ನೆ, ಮತ್ತೊಬ್ಬರಿಗೆ ಅಭ್ಯರ್ಥಿಯ ಪ್ರಾಮಾಣಿಕತೆ.

ಜನಾಭಿಪ್ರಾಯ ಸಮೀಕ್ಷೆ ನಡೆಸುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ಮತದಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಪಟ್ಟಿ ಓದಿ ಹೇಳಿದರು. ಇನ್ನೊಂದು ಪಾಲಿಗೆ ಪಟ್ಟಿ ಇಲ್ಲ, ಮನಸ್ಸಿಗೆ ಬಂದದ್ದನ್ನು ಹೇಳಬಹುದು. ಪಟ್ಟಿ ಕೇಳಿದವರಲ್ಲಿ ಶೇ 27 ಮಂದಿ ಮೌಲ್ಯಗಳನ್ನು ಆರಿಸಿದರು. ಪಟ್ಟಿ ಇಲ್ಲದವರಲ್ಲಿ ಗರ್ಭಪಾತ, ಸಲಿಂಗ ವಿವಾಹ, ಅಭ್ಯರ್ಥಿಯ ನಡತೆ ಎಲ್ಲವನ್ನೂ ಸೇರಿಸಿದರೂ ಅದು ಶೇ 14ಕ್ಕೆ ಇಳಿಯಿತು. ಇರಾಕ್ ಮೇಲೆ ಬಂತು. ಬದಲಾಗಿದ್ದು ಕೇಳಿದ ರೀತಿ ಮಾತ್ರ. ಹೀಗಿರುವಾಗ ಪಟ್ಟಿಯನ್ನು ಪ್ರಕಟಿಸದೆ ಬರೀ ಶೇಕಡಾವಾರನ್ನು ಸುದ್ದಿ ಮಾಡುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನಾವು ಭಾವಿಸುತ್ತೇವೆ.

ಹೀಗೆ ಪಟ್ಟಿ ಕೊಡದೆ ಕೇಳುವ ಮುಕ್ತ ಪ್ರಶ್ನೆಯ ಕೆಲಸ ಸುಲಭವಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 1952ರಿಂದ ಅದನ್ನು ಮಾಡುತ್ತ ಬಂದರು. ಈ ಅಭ್ಯರ್ಥಿಗೆ ಮತ ಹಾಕಬೇಕು ಅನ್ನಿಸುವಂಥದ್ದು ಏನಾದರೂ ಇದೆಯೇ, ಹಾಕಬಾರದು ಅನ್ನಿಸುವಂಥದ್ದು ಏನು ಎಂದು ಕೇಳಿ, ‘ಇನ್ನೇನಾದರೂ?’ ಎಂದು ಮತ್ತೆ ಕೆದಕಿ, ಉತ್ತರವನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲೆ ಪ್ರತಿ ಕಾರಣಕ್ಕೂ ಒಂದು ಸಂಕೇತಸಂಖ್ಯೆ. ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸಂದರ್ಶಕರು ಅವಸರದಲ್ಲಿ ಮಾತನ್ನು ತಮ್ಮ ಮಾತಾಗಿ ಸಂಕ್ಷೇಪಿಸಿಬಿಟ್ಟರೆ ಆಡಿದವರ ಮನಸ್ಸು ಅಲ್ಲಿಗೇ ಕಳೆದುಹೋಗುತ್ತದೆ. ‘ಒಳ್ಳೆಯ ಮನುಷ್ಯ, ನಮ್ಮಂಥವರ ಕಷ್ಟ ಗೊತ್ತು’ ಎಂಬ ಉತ್ತರ ಗುಣಕ್ಕೆ ಸೇರಬೇಕೋ ವರ್ಗಹಿತಕ್ಕೋ ಎಂದು ಇಬ್ಬರು ಬೇರೆಬೇರೆಯಾಗಿ ತೀರ್ಮಾನಿಸಬಹುದು. ಹಾಗಾಗಿ ಒಂದೇ ಉತ್ತರವನ್ನು ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ತಾಳೆ ನೋಡುವುದು ಒಳ್ಳೆಯದು.

1956ರ ಚುನಾವಣೆಯ ಇಂಥ ಉತ್ತರಗಳನ್ನು ರಾಜಕೀಯ ವಿಜ್ಞಾನಿ ಫಿಲಿಪ್ ಕಾನ್ವರ್ಸ್ ವಿಂಗಡಿಸಿದಾಗ, ಎಡ–ಬಲದಂಥ ಸಿದ್ಧಾಂತವನ್ನು ಸರಿಯಾಗಿ ಹಿಡಿದು ಮಾತಾಡಿದವರು ಶೇ 2.5. ಅದರ ಸಮೀಪ ಬಂದವರು ಶೇ 9. ಶೇ 42 ಮಂದಿ ಯಾವ ಪಕ್ಷ ಯಾರ ಪರ ಎಂದು ಹೇಳಿದರು: ಇದು ರೈತರ ಪರ, ಅದು ದೊಡ್ಡ ಉದ್ಯಮಿಗಳ ಪರ. ಶೇ 24 ಮಂದಿಗೆ ಕಾಲ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದೇ ಅಳತೆ. ಉಳಿದ ಶೇ 22.5 ಮಂದಿಯ ಮಾತಿನಲ್ಲಿ ನೀತಿಯ ಸುಳಿವೇ ಇರಲಿಲ್ಲ. ಇದನ್ನು ಮತದಾರರ ಅಜ್ಞಾನಕ್ಕೆ ಸಾಕ್ಷಿ ಎಂದು ಉಲ್ಲೇಖಿಸುವುದುಂಟು. ನಾವು ಒಪ್ಪುವುದಿಲ್ಲ. ನನ್ನಂಥವರಿಗೆ ಯಾರು ಆಗುತ್ತಾರೆ ಎಂದು ನೋಡುವುದು, ನೂರು ಪುಟದ ಪ್ರಣಾಳಿಕೆ ಓದಲು ಪುರುಸೊತ್ತಿಲ್ಲದವರಿಗೆ ತಕ್ಕ ಹತ್ತಿರದ ದಾರಿಯೇ.

ಹೆಚ್ಚು ಗಂಭೀರವಾದ ಪ್ರಶ್ನೆ ಬೇರೆ ಇದೆ: ಹೇಳಿದ ಕಾರಣದಿಂದಲೇ ಮತ ಬಿತ್ತೇ? ರಾಜಕೀಯ ಮನೋವಿಜ್ಞಾನಿ ಮಿಲ್ಟನ್ ಲಾಜ್ ಮತ್ತು ಸಂಗಡಿಗರು ತೋರಿಸಿದಂತೆ, ಸುದ್ದಿ ಕೇಳಿದಾಗಲೆಲ್ಲ ಅಭ್ಯರ್ಥಿಯ ಮೇಲಿನ ಒಲವು ಒಂದಿಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಒಲವು ಉಳಿಯುತ್ತದೆ, ಸುದ್ದಿ ಮರೆಯುತ್ತದೆ. ತಿಂಗಳುಗಳ ನಂತರ ಕಾರಣ ಕೇಳಿದರೆ, ಆ ಕ್ಷಣ ನೆನಪಿಗೆ ಬಂದದ್ದು, ಒಲವಿಗೆ ಹೊಂದುವಂಥದ್ದು ಬಾಯಿಗೆ ಬರುತ್ತದೆ. ಮತದಾರರು ಸುಳ್ಳು ಹೇಳುತ್ತಿಲ್ಲ.

ಕಾರಣ ಮೊದಲೋ ಆಯ್ಕೆ ಮೊದಲೋ ತಿಳಿಯಬೇಕಾದರೆ ಅದೇ ಜನರನ್ನು ಪ್ರಚಾರದ ಮೊದಲಿನಿಂದ ಮತ್ತೆ ಮತ್ತೆ ಕೇಳಬೇಕು. 2000ದ ಚುನಾವಣೆಯಲ್ಲಿ ಪಿಂಚಣಿ ಹಣದ ಒಂದು ಭಾಗವನ್ನು ಖಾಸಗಿ ಹೂಡಿಕೆಗೆ ಬಿಡುವ ಯೋಜನೆಯನ್ನು ಬುಷ್ ಮುಂದಿಟ್ಟಿದ್ದರು, ಅವರ ಎದುರಾಳಿ ಆಲ್ ಗೋರ್ ವಿರೋಧಿಸಿದ್ದರು. ಹೀಗೆ ಮರುಮರು ಕೇಳಿದ ಉತ್ತರಗಳನ್ನು ರಾಜಕೀಯ ವಿಜ್ಞಾನಿ ಗೇಬ್ರಿಯಲ್ ಲೆನ್ಜ್ ಹೋಲಿಸಿ ನೋಡಿದರು. ಯೋಜನೆ ಮೆಚ್ಚಿ ಬುಷ್ ಕಡೆ ಬಂದವರಿಗಿಂತ, ಬುಷ್ ಕಡೆ ಇದ್ದು ಆಮೇಲೆ ಯೋಜನೆಯನ್ನು ಮೆಚ್ಚಿಕೊಂಡವರೇ ಎದ್ದು ಕಂಡರು. ಮತಗಟ್ಟೆಯ ಹೊರಗೆ ಒಂದೇ ಸಲ ಕೇಳಿದ್ದರೆ ಇಬ್ಬರ ಉತ್ತರವೂ ಒಂದೇ ಆಗಿರುತ್ತಿತ್ತು.

ಮರುಸಂದರ್ಶನದಲ್ಲೂ ಎಚ್ಚರ ಬೇಕು. ಕೆಲವರು ನಡುವೆಯೇ ಬಿಟ್ಟುಹೋಗುತ್ತಾರೆ. ಪದೇ ಪದೇ ಕೇಳಿಸಿಕೊಂಡವರು ರಾಜಕೀಯವನ್ನು ಹೆಚ್ಚು ಗಮನಿಸತೊಡಗಬಹುದು. 1940ರಲ್ಲಿ ಸಮಾಜವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ತಂಡ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಜನರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಮಾತಾಡಿಸಿತು. ಪ್ರಶ್ನೆಗಳೇ ಅವರನ್ನು ಬದಲಿಸುತ್ತಿವೆಯೇ ಎಂದು ಅಳೆಯಲು, ತಲಾ 600 ಜನರ ಇನ್ನೂ ಮೂರು ಗುಂಪುಗಳನ್ನು ಆರಿಸಿ, ಅವರನ್ನು ಒಂದೊಂದೇ ಸಲ ಮರುಸಂದರ್ಶಿಸಿ ಹೋಲಿಸಿತು.