ಉತ್ತರ ಕೊಡದವರ ಲೆಕ್ಕ

ಗ್ರಾಹಕರ ಸಮೀಕ್ಷೆ ಮಾಡಿಸಲು ಬರುವವರು, ಅಂಗಡಿಯವರಿರಲಿ, ಆಸ್ಪತ್ರೆಯವರಿರಲಿ, ಸಹಕಾರಿ ಬ್ಯಾಂಕಿನವರಿರಲಿ, ಮೊದಲು ಕೇಳುವುದು ಎಷ್ಟು ಜನರನ್ನು ಮಾತನಾಡಿಸಿದರೆ ಸಾಕು ಎಂದು. ಯಾರನ್ನು ಮಾತನಾಡಿಸಬೇಕು ಎಂದು ಕೇಳುವವರು ಅಪರೂಪ. ಸಂಖ್ಯೆ ಬೆಳೆದಷ್ಟೂ ಫಲಿತಾಂಶ ನಿಜಕ್ಕೆ ಹತ್ತಿರವಾಗುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸುವುದರಲ್ಲೇ ನನ್ನ ಕೆಲಸದ ಅರ್ಧ ಸಮಯ ಕಳೆಯುತ್ತದೆ.

ಜಿಲ್ಲಾ ಕೇಂದ್ರವೊಂದರ ಸೀರೆ ಅಂಗಡಿಯ ಮಾಲೀಕರು ಒಮ್ಮೆ ಹಾಳೆಗಳ ಕಟ್ಟನ್ನೇ ಮುಂದಿಟ್ಟು, "ಮೇಡಂ, ಸಾವಿರಾರು ಜನ ಚೆನ್ನಾಗಿದೆ ಅಂತಲೇ ಬರೆದಿದ್ದಾರೆ, ಮತ್ತೆ ವ್ಯಾಪಾರ ಯಾಕೆ ಇಳೀತಿದೆ?" ಎಂದರು. ಅದರ ಸುಳಿವು ಹಾಳೆಗಳಲ್ಲಿರಲಿಲ್ಲ, ಬಿಲ್ ಕೌಂಟರಿನಲ್ಲಿತ್ತು. ಅತ್ತೆ ಸೊಸೆ ಸೇರಿ ಗಂಟೆಗಟ್ಟಲೆ ಕೂತು ಸೀರೆ ಆರಿಸುತ್ತಿದ್ದರು. ಹಣವನ್ನು ಮಗ ಫೋನ್‌ಪೇಯಲ್ಲಿ ಕೊಡುತ್ತಿದ್ದ. ಕ್ಯಾಷಿಯರ್ ಬರೆದುಕೊಳ್ಳುತ್ತಿದ್ದುದು ಅವನ ನಂಬರು, ಸಮೀಕ್ಷೆಯ ಲಿಂಕ್ ಹೋಗುತ್ತಿದ್ದುದೂ ಅವನಿಗೇ. ಪಾರ್ಕಿಂಗ್ ಸಿಕ್ಕಿತು, ಬಿಲ್ ಬೇಗ ಆಯಿತು ಎಂಬ ಸಮಾಧಾನದಲ್ಲಿ ಅವನು ಒಳ್ಳೆಯ ಅಂಕ ಕೊಟ್ಟಿದ್ದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಸೀರೆಯನ್ನು ಉಟ್ಟವಳನ್ನು ಯಾರೂ ಕೇಳಿರಲಿಲ್ಲ. ಮೂವತ್ತು ಸೀರೆ ಬಿಚ್ಚಿಸಿ ನೋಡಿ, ಏನನ್ನೂ ಕೊಳ್ಳದೆ ಎದ್ದುಹೋದವರ ನಂಬರಂತೂ ಅಂಗಡಿಯಲ್ಲಿ ಇರಲೇ ಇಲ್ಲ. ಇದರ ಮೇಲೆ, ಕೌಂಟರಿನ ಹುಡುಗ ಟ್ಯಾಬ್ ಮುಂದೆ ಹಿಡಿದು "ಐದು ಸ್ಟಾರ್ ಒತ್ತಿಬಿಡಿ ಸರ್" ಎನ್ನುತ್ತಿದ್ದ. ಆ ಸ್ಟಾರುಗಳ ಮೇಲೇ ಅವನ ತಿಂಗಳ ಇನ್ಸೆಂಟಿವ್ ನಿಂತಿರುವಾಗ ಅವನನ್ನು ಬೈದು ಪ್ರಯೋಜನವಿಲ್ಲ.

ನಾವು ಯಾರ ಬಗ್ಗೆ ತಿಳಿಯಬೇಕೋ ಆ ಸಮಷ್ಟಿ, ನಮ್ಮ ಬಳಿ ಇರುವ ಪಟ್ಟಿ, ಕೊನೆಗೆ ಉತ್ತರ ಕೊಟ್ಟವರು, ಇವು ಮೂರು ಬೇರೆ ಬೇರೆ ಗುಂಪುಗಳು. ಒಂದು ಲೆಕ್ಕ ಹಾಕೋಣ. ಪಟ್ಟಿಯಲ್ಲಿ 40,000 ಗ್ರಾಹಕರಿದ್ದಾರೆ, 4,000 ಜನ ಉತ್ತರಿಸಿದ್ದಾರೆ, ಅವರಲ್ಲಿ ಶೇ. 80ರಷ್ಟು, ಅಂದರೆ 3,200 ಜನ ತೃಪ್ತರು ಎಂದುಕೊಳ್ಳಿ. ಸುಮ್ಮನಿದ್ದ 36,000 ಜನರಲ್ಲಿ ಅರ್ಧದಷ್ಟು ಮಾತ್ರ ತೃಪ್ತರಾಗಿದ್ದರೆ, ಒಟ್ಟು ತೃಪ್ತರು 21,200, ಶೇ. 80 ಎಂದು ಗೋಡೆಗೆ ಅಂಟಿಸಿದ್ದು ನಿಜದಲ್ಲಿ ಶೇ. 53. ಅದೇ ಲಿಂಕನ್ನು ಮತ್ತೆ ಮತ್ತೆ ಕಳಿಸಿ ಅದೇ ಸ್ವಭಾವದ ಇನ್ನೂ 4,000 ಜನರ ಉತ್ತರ ಪಡೆದರೆ ತಪ್ಪು ಹಾಗೆಯೇ ಉಳಿಯುತ್ತದೆ, ಅದರ ಮೇಲಿನ ನಮ್ಮ ವಿಶ್ವಾಸ ಮಾತ್ರ ಹೆಚ್ಚುತ್ತದೆ. ಸುಮ್ಮನಿದ್ದವರು ಅತೃಪ್ತರೇ ಎಂದು ನಾನು ಹೇಳುತ್ತಿಲ್ಲ. ಕೆಲವು ವ್ಯವಹಾರಗಳಲ್ಲಿ ಸಿಟ್ಟಾದವರೇ ಮೊದಲು ಬರೆಯುತ್ತಾರೆ. ಯಾವ ಕಡೆಗೆ ವಾಲಿದೆ ಎಂಬುದನ್ನು ಬಂದ ಉತ್ತರಗಳಷ್ಟನ್ನೇ ನೋಡಿ ಹೇಳಲಾಗದು ಎಂಬುದೇ ತೊಂದರೆ.

1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿ, 20 ಲಕ್ಷಕ್ಕೂ ಮಿಕ್ಕಿ ಉತ್ತರ ಪಡೆದು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಆದರೆ ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ಹೆಸರುಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ, ಉಳ್ಳವರೇ ಹೆಚ್ಚಿದ್ದ ಪಟ್ಟಿಗಳಿಂದ ಆಯ್ದದ್ದನ್ನು ಎಲ್ಲರೂ ನೆನೆಯುತ್ತಾರೆ. ಮತಪತ್ರ ತಲುಪಿದವರಲ್ಲೂ ಮರಳಿಸುವ ಉತ್ಸಾಹ ರೂಸ್‌ವೆಲ್ಟ್ ವಿರೋಧಿಗಳಿಗೇ ಹೆಚ್ಚಿತ್ತು ಎಂಬುದನ್ನು ಮರೆಯುತ್ತಾರೆ.

ಹಾಗಾಗಿ ನನ್ನ ಸಲಹೆ ಸಾಮಾನ್ಯವಾಗಿ ಸಮೀಕ್ಷೆ ಮಾಡಿಸುವವರಿಗೆ ಸಪ್ಪೆ ಎನಿಸುತ್ತದೆ: ಪಟ್ಟಿಯಿಂದ ಚೀಟಿ ಎತ್ತಿದಂತೆ 400 ಹೆಸರು ಆರಿಸಿ, ಆ 400 ಜನರ ಬೆನ್ನು ಬಿಡಬೇಡಿ. ಎಲ್ಲರೂ ಉತ್ತರಿಸಿದರೆ ನಮ್ಮ ಅಂದಾಜು ನಿಜಕ್ಕಿಂತ ಹೆಚ್ಚೆಂದರೆ ಶೇಕಡಾ ಐದು ಅಂಶ ಆಚೀಚೆ ಇರುತ್ತದೆ, ಅದೂ ನೂರರಲ್ಲಿ ತೊಂಬತ್ತೈದು ಸಲ. ಪಟ್ಟಿ 40,000ದ್ದಾಗಿರಲಿ, 40 ಲಕ್ಷದ್ದಾಗಿರಲಿ, ಇದು ಹೆಚ್ಚುಕಡಿಮೆ ಅಷ್ಟೇ. ಎಲ್ಲರೂ ಉತ್ತರಿಸುವುದಿಲ್ಲ, ನಿಜ. ಮೊದಲ ಸುತ್ತಿಗೆ ಸಿಗದವರಲ್ಲಿ ಒಂದು ಭಾಗವನ್ನು ಮತ್ತೆ ಚೀಟಿಯಿಂದಲೇ ಆರಿಸಿ, ಮನೆಗೇ ಹೋಗಿ ಕೇಳಿ, ಅವರನ್ನು ಸುಮ್ಮನಿದ್ದವರೆಲ್ಲರ ಪ್ರತಿನಿಧಿಗಳಾಗಿ ಲೆಕ್ಕಕ್ಕೆ ಹಿಡಿಯುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಹ್ಯಾನ್ಸನ್ ಮತ್ತು ಹರ್ವಿಟ್ಜ್ 1946ರಲ್ಲೇ ಬರೆದಿಟ್ಟಿದ್ದಾರೆ. ಖರ್ಚು ಹೆಚ್ಚು, ಹಾಗಾಗಿ ಎಲ್ಲರಿಗೂ ಇದನ್ನೇ ಹೇಳಲಾರೆ.

ಕೊಳ್ಳದೆ ಹೋದವರಿಗೆ ಇದೂ ಸಾಲದು, ಅವರು ಪಟ್ಟಿಯಲ್ಲೇ ಇಲ್ಲ. ಅವರಿಗಾಗಿ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಸಂತೆಯ ದಿನವೂ ಬಿಡುವಿನ ದಿನವೂ, ಹೊರಹೋಗುವ ಪ್ರತಿ ಹತ್ತನೆಯವರನ್ನು ಎರಡೇ ಪ್ರಶ್ನೆ ಕೇಳಿಸಿ. ಹತ್ತನೆಯವರು ಎಂದರೆ ಹತ್ತನೆಯವರೇ. ಆಯ್ಕೆಯನ್ನು ಸಿಬ್ಬಂದಿಗೆ ಬಿಟ್ಟರೆ, ಸಿಡುಕು ಮುಖದವರನ್ನು ದಾಟಿಸಿ, ನಗುತ್ತ ಚೀಲ ಹಿಡಿದು ಬರುವವರನ್ನೇ ನಿಲ್ಲಿಸುತ್ತಾರೆ.